ನಿಂತು ಹೊರಟಾಗ ನೀಲಿ ಹೊಗೆ: ಟರ್ಬೊದ್ದೇ ತಪ್ಪಾ?

ಹಳೆಯ ಟರ್ಬೊ ಪೆಟ್ರೋಲ್ ಕಾರು, ಸಿಗ್ನಲ್‌ನಲ್ಲಿ ನಿಂತು ಹೊರಟಾಗ ನೀಲಿ ಹೊಗೆ, ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಭಾಗ) ಬದಲಿಸಬೇಕಾ ಅಂತ ಕೇಳಿದ್ದೀರಿ. ನೀಲಿ ಹೊಗೆ ಅಂದರೆ ಎಲ್ಲೋ ಆಯಿಲ್ ಸೋರಿ ಸುಡುತ್ತಿದೆ ಅಂತ. ಟರ್ಬೊ ಬದಲಾವಣೆ ಸದ್ಯಕ್ಕೆ ಬೇಡ.

ಟರ್ಬೊ ಶಾಫ್ಟ್‌ಗೆ ಸಾಮಾನ್ಯವಾಗಿ ರಬ್ಬರ್ ಸೀಲ್ ಇರುವುದಿಲ್ಲ, ಪಿಸ್ಟನ್ ರಿಂಗ್ ತರಹದ ಸಣ್ಣ ಲೋಹದ ರಿಂಗ್ ಇರುತ್ತದೆ. ಆಯಿಲ್ ತನ್ನ ಭಾರಕ್ಕೇ ಸರಾಗವಾಗಿ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿದರೆ ಮಾತ್ರ ಅದು ಸೋರದೆ ನಿಲ್ಲುತ್ತದೆ. ಡ್ರೈನ್ ಪೈಪ್‌ನಲ್ಲಿ ಆಯಿಲ್ ಕರಕಲಾಗಿ ಕೂತಿದ್ದರೆ, ಅಥವಾ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಕಟ್ಟಿಕೊಂಡು ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಭಾಗ) ಒತ್ತಡ ಏರಿದ್ದರೆ, ಹೊಸ ಟರ್ಬೊನೂ ಹೊಗೆ ಬಿಡುತ್ತದೆ. ಸುಮ್ನೆ ದುಡ್ಡು ದಂಡ ಅಲ್ವಾ? ಮೊದಲು ಇವೆರಡನ್ನೂ ಬಿಚ್ಚಿ ತೊಳೆಯಿರಿ.

ಆಮೇಲೆ, ಎಂಜಿನ್ ತಣ್ಣಗಿರುವಾಗ, ಟರ್ಬೊ ಕಳಚಿ ನೋಡಿ. ಎಕ್ಸಾಸ್ಟ್ ಪೋರ್ಟ್‌ಗಳು (ಎಂಜಿನ್‌ನಿಂದ ಹೊಗೆ ಹೊರಬರುವ ತೂತುಗಳು) ಒಣಗಿದ್ದು ಟರ್ಬೈನ್ (ಟರ್ಬೊದ ಹೊಗೆ ಬದಿಯ ಚಕ್ರ) ಹೊರಬಾಯಿ ಮಾತ್ರ ಆಯಿಲ್‌ನಿಂದ ಒದ್ದೆಯಾಗಿದ್ದರೆ ಸೋರಿಕೆ ಟರ್ಬೊದ್ದೇ. ಶಾಫ್ಟ್ ಅಡ್ಡಕ್ಕೆ ಕೂದಲೆಳೆಯಷ್ಟು ಅಲುಗಾಡುವುದು ಸಹಜ. ಹಿಂದೆ ಮುಂದೆ ಎಳೆದಾಗ ಆಟ ಕೈಗೆ ಗೊತ್ತಾದರೆ ಟರ್ಬೊ ರಿಪೇರಿಗೆ ಹೋಗಲೇಬೇಕು.

ಪೋರ್ಟ್‌ಗಳೇ ಒದ್ದೆಯಿದ್ದರೆ ತೊಂದರೆ ಎಂಜಿನ್‌ನದು. ನಿಮ್ಮ ಲಕ್ಷಣಕ್ಕೆ ವಾಲ್ವ್ ಸೀಲ್ (ವಾಲ್ವ್ ಕಡ್ಡಿಯ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ಸೀಲ್) ಮೇಲೆ ನನಗೆ ಜಾಸ್ತಿ ಅನುಮಾನ. ಎಂಜಿನ್‌ನ ಪಿಸ್ಟನ್ ರಿಂಗ್ ಸವೆದಿದೆಯಾ ಅನ್ನುವುದು ಲೀಕ್‌ಡೌನ್ ಟೆಸ್ಟ್‌ನಲ್ಲಿ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವ ಪರೀಕ್ಷೆ) ತಿಳಿಯುತ್ತದೆ.

ರಿಪೇರಿ ಆದ ಮೇಲೂ ಸೈಲೆನ್ಸರ್‌ನಲ್ಲಿ ಉಳಿದ ಆಯಿಲ್ ಸುಟ್ಟು ಮುಗಿಯುವ ತನಕ ಹೊಗೆ ಬರುತ್ತದೆ, ಗಾಬರಿ ಆಗಬೇಡಿ.