ಹೊಟ್ಟೆಯ ರಿಪೋರ್ಟು, ಬೆರಳಿನ ಗೆಣ್ಣು

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಅಮ್ಮನಿಗೆ 15 ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲು ಊದುವ ಸಂಧಿವಾತ) ಇದೆ. ಎರಡು ತಿಂಗಳಿಂದ ನನಗೂ ಬೆಳಿಗ್ಗೆ ಎದ್ದಾಗ ಬೆರಳು ಹಿಡಿದುಕೊಂಡ ಹಾಗಿರುತ್ತದೆ. ಹೂ ಕಟ್ಟಲು ಕೂತರೆ ದಾರ ಬಿಗಿಯಲು ಆಗುವುದಿಲ್ಲ. ಸ್ನಾನ, ತಿಂಡಿ ಮುಗಿಯುವ ಹೊತ್ತಿಗೆ ಸಡಿಲವಾಗುತ್ತದೆ. ಪರಿಚಯದವರ ಮಾತು ಕೇಳಿ ಮಲದ ಸ್ಯಾಂಪಲ್ ಕಳಿಸಿ ‘ಗಟ್ ಟೆಸ್ಟ್’ ಮಾಡಿಸಿದೆ. ಹತ್ತು ಸಾವಿರದ ಹತ್ತಿರ ಖರ್ಚಾಯಿತು. ‘ಪ್ರಿವೊಟೆಲ್ಲಾ’ ಎಂಬ ಬ್ಯಾಕ್ಟೀರಿಯಾ ಜಾಸ್ತಿ ಇದೆ, ಅದು ಸಂಧಿವಾತ ತರುತ್ತದೆ ಎಂದು ರಿಪೋರ್ಟಿನಲ್ಲಿದೆ. ರಾಗಿ, ಕಾಳು ಬಿಟ್ಟು ಮೂರು ತಿಂಗಳು ಅವರದೇ ಪ್ರೊಬಯಾಟಿಕ್ ಕ್ಯಾಪ್ಸೂಲ್ ತೆಗೆದುಕೊಳ್ಳಲು ಹೇಳಿದ್ದಾರೆ. ತೆಗೆದುಕೊಂಡು ನೋಡಿ, ಆಮೇಲೆ ಡಾಕ್ಟರ ಹತ್ತಿರ ಹೋಗಲೇ?
– ಓದುಗಿ, ತಿಪಟೂರು

ಉತ್ತರ: ಬೇಡಮ್ಮ. ಮೊದಲು ಡಾಕ್ಟರ ಹತ್ತಿರ ಹೋಗಿ. ಈ ವಾರವೇ ಹೋಗಿ. ಕ್ಯಾಪ್ಸೂಲಿನ ಮಾತು ಆಮೇಲೆ ಆಡೋಣ.

ಇಷ್ಟು ಅವಸರ ಮಾಡುವುದಕ್ಕೆ ಕಾರಣ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ದೊಡ್ಡಮ್ಮನ ಕೈ ಹೀಗೇ ಶುರುವಾಗಿತ್ತು. ಬಾವಿಯಿಂದ ನೀರು ಸೇದಿ ಸೇದಿ ಹೀಗಾಗಿದೆ ಅಂದರು. ಎಣ್ಣೆ ಹಚ್ಚಿದರು. ಹುಣಸೆಹುಳಿ ಬಿಡಿಸಿದರು, ಮೊಸರು ಬಿಡಿಸಿದರು. ನಾಲ್ಕೈದು ವರ್ಷದಲ್ಲಿ ಅವರ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿಬಿಟ್ಟವು. ಬಳೆ ತೊಡಿಸುವವರು ಮನೆಗೆ ಬಂದರೆ ದೊಡ್ಡಮ್ಮ ಎದ್ದು ಒಳಗೆ ಹೋಗುತ್ತಿದ್ದರು. ನಾನು ಡಾಕ್ಟರಾಗಿ ಬರುವಷ್ಟರಲ್ಲಿ ಆ ಬೆರಳುಗಳಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಈಗ ಹಾಗಾಗಬೇಕಾಗಿಲ್ಲ. ಕೀಲು ಊದಿಕೊಂಡ ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧಿ ಶುರುವಾದರೆ ಮೂಳೆ ಸವೆಯುವುದನ್ನು ಬಹಳಷ್ಟು ತಡೆಯಬಹುದು. ನಿಮಗೆ ಕ್ಯಾಪ್ಸೂಲು ನುಂಗಿ ಕಾಯಲು ಹೇಳಿರುವುದು ಸರಿಯಾಗಿ ಆ ತಿಂಗಳುಗಳಲ್ಲೇ!

ಹಾಗಂತ ಕರುಳಿಗೂ ಕೀಲಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಂಬಂಧ ಇದೆ. ಈ ವಿಷಯವನ್ನು ವರ್ಷಗಳಿಂದ ಆಸೆಯಿಂದ ಓದಿಕೊಂಡು ಬಂದಿದ್ದೇನೆ. 2013ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಹೋಸೆ ಶೆರ್, ಡ್ಯಾನ್ ಲಿಟ್‌ಮನ್ ಮತ್ತು ಜೊತೆಯವರು, ಕಾಯಿಲೆ ಆಗಷ್ಟೇ ಶುರುವಾಗಿ ಇನ್ನೂ ಔಷಧಿ ಮುಟ್ಟದವರ ಮಲ ಪರೀಕ್ಷಿಸಿದರು. ನಿಮ್ಮ ರಿಪೋರ್ಟಿನಲ್ಲಿರುವ ಜಾತಿಯದೇ ಒಂದು ಬ್ಯಾಕ್ಟೀರಿಯಾ, ‘ಪ್ರಿವೊಟೆಲ್ಲಾ ಕಾಪ್ರಿ’, ನೂರಕ್ಕೆ 75 ಜನರಲ್ಲಿ ಸಿಕ್ಕಿತು. ಆರೋಗ್ಯವಂತರಲ್ಲಿ ಸಿಕ್ಕಿದ್ದು ನೂರಕ್ಕೆ 21 ಜನರಲ್ಲಿ ಮಾತ್ರ. ನಿಮಗೆ ಬಂದ ರಿಪೋರ್ಟಿನ ಬೇರು ಇಲ್ಲಿದೆ.

ಆದರೆ ಅದು ಅಮೆರಿಕದವರ ಹೊಟ್ಟೆ. ನಮ್ಮದು ಬೇರೆ. ಧಾನ್ಯ, ಕಾಳು, ಸೊಪ್ಪು ಜಾಸ್ತಿ ತಿನ್ನುವವರ ಕರುಳಿನಲ್ಲಿ ಪ್ರಿವೊಟೆಲ್ಲಾ ಹುಲುಸಾಗಿ ಬೆಳೆಯುತ್ತದೆ. ಯಾವ ಕಾಯಿಲೆಯೂ ಇಲ್ಲದ ಭಾರತೀಯರಲ್ಲಿ ಅದು ಧಾರಾಳವಾಗಿ ಇರುವುದನ್ನು ನಮ್ಮ ದೇಶದಲ್ಲೇ ನಡೆದ ಅಧ್ಯಯನಗಳು ತೋರಿಸಿವೆ. ಮುದ್ದೆ, ಸೊಪ್ಪಿನ ಸಾರು ಉಣ್ಣುವ ನಿಮ್ಮ ಪಕ್ಕದ ಮನೆಯವರ ಸ್ಯಾಂಪಲ್ ಕಳಿಸಿದ್ದರೂ ಬಹುಶಃ ಇದೇ ರಿಪೋರ್ಟು ಬರುತ್ತಿತ್ತು. ಅಲ್ಲದೆ ಒಂದೇ ಹೆಸರಿನ ಬ್ಯಾಕ್ಟೀರಿಯಾದಲ್ಲಿ ಹಲವು ತಳಿಗಳಿರುತ್ತವೆ. ಒಂದು ತಳಿ ಕಾಯಿಲೆಯವರಲ್ಲಿ ಜಾಸ್ತಿ ಕಂಡರೆ, ಇನ್ನೊಂದು ಆರೋಗ್ಯವಂತರಲ್ಲೇ ಜಾಸ್ತಿ ಇರಬಹುದು. ಬರೀ ಹೆಸರು ನೋಡಿ ತೀರ್ಪು ಕೊಡಲು ಆಗುವುದಿಲ್ಲ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಡೆದ ಕೆಲಸ ನನಗೆ ಇನ್ನೂ ಇಷ್ಟ. 2024ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಆ್ಯಂಟಿ-ಸಿಸಿಪಿ ಎಂಬ ಪ್ರತಿಕಾಯ ಇದ್ದು, ಕೀಲಿನ ಊತ ಇನ್ನೂ ಬಾರದಿದ್ದ 124 ಜನರನ್ನು ಅವರು ಗಮನಿಸುತ್ತಾ ಹೋದರು. 30 ಜನರಿಗೆ ಮುಂದೆ ಕಾಯಿಲೆ ಬಂತು. ಕೆಲವರ ಮಲವನ್ನು 15 ತಿಂಗಳಲ್ಲಿ ಐದು ಸಲ ಪರೀಕ್ಷಿಸಿದ್ದರು. ಕಾಯಿಲೆ ಬರಲಿದ್ದವರ ಕರುಳಿನ ಬ್ಯಾಕ್ಟೀರಿಯಾಗಳು ಸುಮಾರು 10 ತಿಂಗಳು ಮೊದಲೇ ಏರುಪೇರಾಗತೊಡಗಿದ್ದವು. ಹಾಗೆ ಮತ್ತೆ ಮತ್ತೆ ಪರೀಕ್ಷೆಯಾದವರ ಸಂಖ್ಯೆ ಸಣ್ಣದು, ನಿಜ. ಆದರೂ ಅದನ್ನು ಓದಿದ ದಿನ ದೊಡ್ಡಮ್ಮ ತುಂಬಾ ನೆನಪಾದರು. ಕೈ ಊದುವ ಮೊದಲೇ ಒಳಗೆ ಏನೋ ಶುರುವಾಗಿರುತ್ತದೆ ಅಲ್ವಾ?

ಆ ‘ಏನೋ’ ಏನು ಅಂತ ಸರಳವಾಗಿ ಹೇಳುತ್ತೇನೆ. ನಮ್ಮ ರೋಗನಿರೋಧಕ ಕಣಗಳಲ್ಲಿ ಬಹಳಷ್ಟು ಕರುಳಿನ ಗೋಡೆಯ ಸುತ್ತಮುತ್ತಲೇ ಇವೆ. ಯಾರು ನಮ್ಮವರು, ಯಾರು ಹೊರಗಿನವರು ಅಂತ ಅವು ಅಲ್ಲೂ ಕಲಿಯುತ್ತವೆ. ಕೆಲವರಲ್ಲಿ ಈ ಕಲಿಕೆ ತಪ್ಪಿ, ತಮ್ಮದೇ ಮೈಯ ಪ್ರೋಟೀನಿನ ಮೇಲೆ ಪ್ರತಿಕಾಯ ತಯಾರಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ರಕ್ತದಾನಿಗಳ ಹಳೆಯ ಸ್ಯಾಂಪಲ್‌ಗಳನ್ನು ತೆಗೆದು ನೋಡಿದಾಗ, ಮುಂದೆ ಕಾಯಿಲೆ ಬಂದವರಲ್ಲಿ ಸುಮಾರು ಅರ್ಧ ಜನರ ರಕ್ತದಲ್ಲಿ ಇಂಥ ಪ್ರತಿಕಾಯ ವರ್ಷಗಳ ಮೊದಲೇ ಇತ್ತು. ತಪ್ಪು ಶುರುವಾಗುವ ಜಾಗ ಕರುಳು ಒಂದೇ ಅಲ್ಲ. ಒಸಡಿನ ಕಾಯಿಲೆ ತರುವ ಒಂದು ಬ್ಯಾಕ್ಟೀರಿಯಾದ ಮೇಲೂ ಅನುಮಾನವಿದೆ. ಸಿಗರೇಟು, ಬೀಡಿಯಂತೂ ಅಪಾಯವನ್ನು ಹೆಚ್ಚಿಸುವುದು ಖಚಿತ.

2022ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಇನ್ನೊಂದು ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಅದನ್ನು ಕೊಟ್ಟ ಇಲಿಗಳ ಕೀಲು ಊದಿಕೊಂಡಿತು. ಅದಕ್ಕೆ ಹೆಸರಿಡುವಾಗ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ಭಾಷೆಯಿಂದ, ಕೀಲುನೋವಿಗೆ ಅವರು ಹೇಳುವ ಪದವನ್ನೇ ತೆಗೆದುಕೊಂಡರು. ನನಗೆ ಇದು ಬಹಳ ಹಿಡಿಸಿತು. ಆದರೆ ಇಲಿಯಲ್ಲಿ ಕಂಡದ್ದು ನಿಮ್ಮ ಅಡುಗೆಮನೆಯ ನಿಯಮವಾಗಲು ಇನ್ನೂ ದೂರ ಇದೆ.

ಪ್ರೊಬಯಾಟಿಕ್ ಬಗ್ಗೆ ಒಂದೇ ಮಾತು. 2015ರಲ್ಲಿ ಚೀನಾದ ರೋಗಿಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಕಾಯಿಲೆಯವರ ಕರುಳು, ಹಲ್ಲು, ಜೊಲ್ಲಿನಲ್ಲಿ ಜಾಸ್ತಿ ಸಿಕ್ಕಿದ್ದು ಒಂದು ಲ್ಯಾಕ್ಟೋಬ್ಯಾಸಿಲಸ್. ಅದೂ ಕಾಯಿಲೆ ಜೋರಾಗಿದ್ದವರಲ್ಲಿ ಇನ್ನೂ ಜಾಸ್ತಿ. ‘ಒಳ್ಳೆಯ ಬ್ಯಾಕ್ಟೀರಿಯಾ’ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರಲ್ಲ, ಅದೇ ಕುಟುಂಬದ್ದು. ನೀವು ರಾಗಿ, ಕಾಳು, ಮಜ್ಜಿಗೆ ಯಾವುದನ್ನೂ ಬಿಡಬೇಡಿ.

ಡಾಕ್ಟರ ಹತ್ತಿರ ಹೋದಾಗ ಬಿಗಿತ ಎಷ್ಟು ಹೊತ್ತು ಇರುತ್ತದೆ ಅಂತ ಗಡಿಯಾರ ನೋಡಿ ಬರೆದುಕೊಂಡು ಹೋಗಿ. ಅರ್ಧ ಗಂಟೆ ದಾಟಿದರೆ ಅದು ಮುಖ್ಯವಾದ ಮಾತು. ಬೆರಳಿನ ಬುಡದ ಗೆಣ್ಣುಗಳನ್ನು ಎರಡೂ ಪಕ್ಕದಿಂದ ಮೆಲ್ಲಗೆ ಅದುಮಿದರೆ ನೋಯುತ್ತದೆಯೇ ನೋಡಿ. ಅಮ್ಮನ ಕಾಯಿಲೆಯ ವಿಷಯ ತಪ್ಪದೆ ಹೇಳಿ. ಆರ್‌ಎ ಫ್ಯಾಕ್ಟರ್, ಆ್ಯಂಟಿ-ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತ ಪರೀಕ್ಷೆಗಳನ್ನು ಬರೆದುಕೊಡುತ್ತಾರೆ. ಇವೆಲ್ಲ ನಾರ್ಮಲ್ ಬಂದು ಊತ ಮಾತ್ರ ಇದ್ದರೂ ಸುಮ್ನೆ ಮನೆಗೆ ಬರಬೇಡಿ, ರುಮಟಾಲಜಿಸ್ಟ್ (ಕೀಲುರೋಗ ತಜ್ಞರು) ಹತ್ತಿರ ಕಳಿಸಿ ಅಂತ ಕೇಳಿ. ಆ್ಯಂಟಿ-ಸಿಸಿಪಿ ಇದ್ದು ಊತ ಇಲ್ಲದಿದ್ದರೆ ಹೆದರಬೇಡಿ, ಆದರೆ ಅವರ ಕಣ್ಗಾವಲಿನಲ್ಲಿರಿ. ಅಂಥವರಿಗೆ ಒಂದು ವರ್ಷ ಅಬಾಟಸೆಪ್ಟ್ ಎಂಬ ಇಂಜೆಕ್ಷನ್ ಕೊಟ್ಟು ನೋಡಿದ್ದಾರೆ. ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್‌ನ ಆ ಪ್ರಯೋಗದಲ್ಲಿ 213 ಜನರಿದ್ದರು. ವರ್ಷದ ಕೊನೆಗೆ ಔಷಧಿ ಪಡೆದವರಲ್ಲಿ ನೂರಕ್ಕೆ 6 ಜನರಿಗೆ ಕಾಯಿಲೆ ಬಂದಿತ್ತು, ಪಡೆಯದವರಲ್ಲಿ 29 ಜನರಿಗೆ. ನಿಲ್ಲಿಸಿದ ಮೇಲೆ ಅಂತರ ಕಡಿಮೆಯಾಯಿತು. ಅದು ಇನ್ನೂ ಎಲ್ಲರಿಗೂ ಕೊಡುವ ಚಿಕಿತ್ಸೆಯಾಗಿಲ್ಲ.

ಪರೀಕ್ಷೆಯಲ್ಲಿ ಏನು ಬಂತು ಅಂತ ನನಗೊಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಕೀಲುವಾತಕ್ಕೆ ಸಲ್ಫಸಲಜಿನ್ ಮಾತ್ರೆ ಕೊಟ್ಟಿದ್ದಾರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಕರುಳಿನಲ್ಲಿ ಸೋಂಕಾಗಿದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಈ ಮಾತ್ರೆಯಿಂದ ಮೂತ್ರಕ್ಕೆ ಆ ಬಣ್ಣ ಬರುವುದು ಸಾಮಾನ್ಯ, ಗಾಬರಿ ಬೇಡ. ಆದರೆ ಉರಿ, ಜ್ವರ ಇದ್ದರೆ ತೋರಿಸಿ. ಕರುಳಿನ ಮಾತು ತೆಗೆದಿದ್ದೀರಿ, ಅದಕ್ಕೊಂದು ಹಳೆಯ ಕತೆ ಇದೆ. ಈ ಔಷಧಿಯ ಹಿಂದೆ ಇದ್ದವರು ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್. ಕೀಲುವಾತಕ್ಕೆ ಬ್ಯಾಕ್ಟೀರಿಯಾ ಕಾರಣವಿರಬಹುದು ಅಂತ ಆಗಲೇ ಯೋಚಿಸಿ, 1930ರ ದಶಕದ ಕೊನೆಯಿಂದ ಇದರ ಮೇಲೆ ಕೆಲಸ ಮಾಡಿದರು. ನುಂಗಿದ ಮಾತ್ರೆ ದೊಡ್ಡ ಕರುಳಿಗೆ ಹೋದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳೇ ಅದನ್ನು ಎರಡು ಭಾಗವಾಗಿ ಒಡೆಯುತ್ತವೆ. ಹಾಗಾಗಿ ನಿಮ್ಮ ಯಜಮಾನರು ಬೇರೆ ಯಾವುದಕ್ಕಾದರೂ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕಾದರೆ ಈ ಮಾತ್ರೆಯ ವಿಷಯ ಆ ಡಾಕ್ಟರಿಗೆ ಹೇಳಲಿ. ರಕ್ತ ಪರೀಕ್ಷೆಗೆ ಕೊಟ್ಟ ದಿನ ತಪ್ಪಿಸಬೇಡಿ. ಮೈಮೇಲೆ ಗುಳ್ಳೆ, ಬಾಯಿ ಹುಣ್ಣು, ಗಂಟಲು ನೋವು ಬಂದರೆ ಅವತ್ತೇ ಕರೆದುಕೊಂಡು ಹೋಗಿ.