ಬೆಲ್‌ಗ್ರೇಡ್ ಮುಗಿಸಿ ಎರಡು ದಿನ ಇದ್ದರೆ: ಡ್ರೀನಾ ದಡದ ಪೆರುಚಾತ್ಸ್

ಬೆಲ್‌ಗ್ರೇಡ್ ನೋಡಿದ ಮೇಲೆ ಎರಡು ದಿನ ಉಳಿಯುತ್ತದೆ, ಹೊಳೆ, ಕಾಡು, ಒಂದಿಷ್ಟು ಇತಿಹಾಸ ಒಟ್ಟಿಗೆ ಸಿಗುವ ಹಳ್ಳಿ ಸೆರ್ಬಿಯಾದಲ್ಲಿ ಇದೆಯೇ ಎಂದು ಕೇಳಿದ್ದೀರಿ. ಕಣ್ಣುಮುಚ್ಚಿ ಪೆರುಚಾತ್ಸ್‌ಗೆ ಹೋಗಿ. ದೇಶದ ಪಶ್ಚಿಮದ ಅಂಚಿನಲ್ಲಿ, ಡ್ರೀನಾ ನದಿಯ ದಡದಲ್ಲಿದೆ. ಎದುರು ದಡ ಬೋಸ್ನಿಯಾ.

ಹೆಚ್ಚಿನವರು ಸುಮಾರು 13 ಕಿ.ಮೀ. ಹಿಂದಿರುವ ಬಾಯಿನಾ ಬಾಷ್ಟಾ ಪಟ್ಟಣಕ್ಕೆ ಬಂದು, ಹೊಳೆ ನಡುವಿನ ಬಂಡೆಯ ಮೇಲಿರುವ ಪುಟ್ಟ ಮರದ ಮನೆಯ ಫೋಟೊ ತೆಗೆದುಕೊಂಡು ವಾಪಸಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದು ರಾತ್ರಿಯಾದರೂ ಪೆರುಚಾತ್ಸ್‌ನಲ್ಲೇ ಉಳಿಯಿರಿ.

ಬೆಳಿಗ್ಗೆ ಎದ್ದವರೇ ವ್ರೆಲೊ ನೋಡಿ. ತಾರಾ ಬೆಟ್ಟದ ಬುಡದಲ್ಲಿ ಒರತೆಯಾಗಿ ಎದ್ದು, ಊರೊಳಗೇ ಹರಿದು, ಜಲಪಾತವಾಗಿ ಡ್ರೀನಾಗೆ ಧುಮುಕುವ ನದಿ. ಪೂರ್ತಿ ಉದ್ದವೇ 365 ಮೀಟರ್. ಅದಕ್ಕೇ ಅಲ್ಲಿನವರು ಇದನ್ನು ‘ಗೋದಿನಾ’, ಅಂದರೆ ‘ವರ್ಷ’ ಎಂದೂ ಕರೆಯುತ್ತಾರೆ. ಹುಟ್ಟುವ ಜಾಗದಿಂದ ಬೀಳುವ ಜಾಗದವರೆಗೆ ಹತ್ತು ನಿಮಿಷದಲ್ಲಿ ನಡೆದು ಮುಗಿಸಿದೆ. ಮನಸ್ಸು ತಡೆಯದೆ ಮತ್ತೆ ಮೇಲೆ ಹೋಗಿ ಇನ್ನೊಮ್ಮೆ ನಡೆದೆ.

ಆಮೇಲೆ ಮ್ರಾಮೊರ್ಯೆ. ‘ಸ್ಟೆಚ್ಚಿ’ ಎನ್ನುವ ಮಧ್ಯಯುಗದ ಸಮಾಧಿ ಕಲ್ಲುಗಳ ಜಾಗ ಇದು. ನಾಲ್ಕು ದೇಶಗಳಲ್ಲಿ ಹರಡಿರುವ ಇಂಥ 28 ಸ್ಮಶಾನಗಳನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಗೆ ಸೇರಿಸಿತು, ಅವುಗಳಲ್ಲಿ ಇದೂ ಒಂದು. ಹುಲ್ಲಿನ ನಡುವೆ ಪೆಟ್ಟಿಗೆಯಂತೆ, ಚಪ್ಪಡಿಯಂತೆ ಬಿದ್ದಿರುವ ಸುಣ್ಣಕಲ್ಲುಗಳು, ಅಷ್ಟೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ: ಆರ್ಥೊಡಾಕ್ಸ್, ಕ್ಯಾಥೊಲಿಕ್, ಬೋಸ್ನಿಯಾದ ಸ್ವಂತ ಚರ್ಚು, ಈ ಮೂರಕ್ಕೂ ಸೇರಿದವರು ತಮ್ಮ ಸತ್ತವರಿಗೆ ಇದೇ ಬಗೆಯ ಕಲ್ಲನ್ನು ಇಡುತ್ತಿದ್ದರು.

ಊರಿನ ಪಕ್ಕದಲ್ಲೇ 1966ರ ಅಣೆಕಟ್ಟು, ಅದರ ಹಿಂದೆ ಹಸಿರು ನೀರಿನ ಉದ್ದನೆಯ ಸರೋವರ. ಬೇಸಿಗೆಯಲ್ಲಿ ಈಜುವವರ ಜಾತ್ರೆಯೇ ನೆರೆದಿರುತ್ತದೆ. ಇತಿಹಾಸ ಕೇಳಿದ್ದೀರಲ್ಲ, ಇದನ್ನೂ ಹೇಳಿಬಿಡುತ್ತೇನೆ: 2010ರಲ್ಲಿ ದುರಸ್ತಿಗಾಗಿ ನೀರು ಇಳಿಸಿದಾಗ, 1992ರ ಬೋಸ್ನಿಯಾ ಯುದ್ಧದಲ್ಲಿ ಮೇಲ್ದಂಡೆಯ ವಿಶೆಗ್ರಾದ್ ಪಟ್ಟಣದಲ್ಲಿ ಕೊಲೆಯಾದವರ ಮೂಳೆಗಳು ಇಲ್ಲಿ ಸಿಕ್ಕವು. ಇದು ತಿಳಿದ ಮೇಲೆ ಆ ನೀರಿನ ಮುಂದೆ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಎರಡನೇ ದಿನ ತಾರಾ ರಾಷ್ಟ್ರೀಯ ಉದ್ಯಾನಕ್ಕೆ. ಸಸ್ಯವಿಜ್ಞಾನಿ ಯೋಸಿಫ್ ಪಾಂಚಿಚ್ 1875ರಲ್ಲಿ ‘ಒಮೊರಿಕಾ’ ಎಂಬ ಸ್ಪ್ರೂಸ್ ಮರವನ್ನು ಪತ್ತೆಹಚ್ಚಿದ್ದು ಈ ಬೆಟ್ಟದಲ್ಲೇ. ಕಂಬದಂತೆ ನೆಟ್ಟಗೆ, ತೆಳ್ಳಗೆ ಬೆಳೆಯುವುದರಿಂದ ಗುರುತಿಸುವುದು ಸುಲಭ. ಕಂದು ಕರಡಿಗಳಿವೆ, ಗುರುತು ಹಾಕಿದ ದಾರಿ ಬಿಟ್ಟು ಹೋಗಬೇಡಿ. ಬಾನ್‌ಸ್ಕಾ ಸ್ಟೆನಾ ಎಂಬ ಬಂಡೆಯಂಚಿನಿಂದ ಸರೋವರವೂ ಡ್ರೀನಾ ಕಣಿವೆಯೂ ಕಾಲಡಿಗೆ ಕಾಣುತ್ತವೆ.

2023ರ ಜನವರಿಯಿಂದ ಭಾರತೀಯರಿಗೆ ವೀಸಾರಹಿತ ಪ್ರವೇಶ ಇಲ್ಲ, ಹೊರಡುವ ಮುಂಚೆ ಆ ಕೆಲಸ ಮುಗಿಸಿಕೊಳ್ಳಿ. ಮೀನು ತಿನ್ನುವವರಾದರೆ ಅಲ್ಲಿನ ಟ್ರೌಟ್ ಬಿಡಬೇಡಿ. ಸಸ್ಯಾಹಾರಿಯಾದರೆ ಹೋಟೆಲಿನಲ್ಲಿ ‘ಪೋಸ್ನೊ’ ಎಂದು ಕೇಳಿ. ಅದು ಅವರ ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಮೀನು ಇರಬಹುದು, ‘ರೀಬಾ’ ಬೇಡ ಎಂದು ಬಿಡಿಸಿ ಹೇಳಿ.