ಓದುಗರ ಪ್ರಶ್ನೆ: ಯಂತ್ರ ಕೊಡುವ ಮೊದಲು ಮೇಸ್ತ್ರಿಯನ್ನು ಕಳಿಸಿ

ಕಾರ್ಖಾನೆಗಳು ತಮ್ಮ ಸುತ್ತಲಿನ ಶಾಲೆ, ಐಟಿಐಗಳಿಗೆ ಹೇಗೆ ನೆರವಾಗಬಹುದು, ಆ ನೆರವು ಎಲ್ಲಿ ಎಡವುತ್ತದೆ ಎಂಬ ಬಗ್ಗೆ ಬಂದ ನಾಲ್ಕು ಪ್ರಶ್ನೆಗಳಿಗೆ ಈ ಬಾರಿ ನಮ್ಮ ಅಂಕಣ ಬಳಗದ ಉತ್ತರ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು 40 ಜನ ಕೆಲಸ ಮಾಡುವ ಮಷಿನ್ ಶಾಪ್. ಐಟಿಐ ಮುಗಿಸಿ ಬರುವ ಹುಡುಗರು ಡ್ರಾಯಿಂಗ್ ಓದುತ್ತಾರೆ, ಆದರೆ ಅಳತೆ ಕೈಗೆ ಹತ್ತಿರುವುದಿಲ್ಲ. ನಮ್ಮಲ್ಲಿರುವ ಹಳೆಯ ಲೇತ್ (ಲೋಹ ತಿರುಗಿಸಿ ಕಡೆಯುವ ಯಂತ್ರ) ಒಂದನ್ನು ಹತ್ತಿರದ ಸರ್ಕಾರಿ ಐಟಿಐಗೆ ಕೊಡೋಣ ಎಂದಿದ್ದೇವೆ. ಉಪಯೋಗವಾದೀತೇ?

ಉತ್ತರ: ಕೊಡಿ, ಬೇಡವೆನ್ನುವುದಿಲ್ಲ. ಆದರೆ ಲೇತ್ ನಿಮ್ಮ ಪಟ್ಟಿಯಲ್ಲಿ ಕೊನೆಗಿರಲಿ. ಬಹುತೇಕ ಐಟಿಐಗಳಲ್ಲಿ ಲೇತ್ ಇದ್ದೇ ಇರುತ್ತದೆ. ಸಾಲದೆ ಬರುವುದು ಅದಕ್ಕೆ ಹಾಕುವ ಕಬ್ಬಿಣ, ಟೂಲ್ ಬಿಟ್, ಅಳತೆಯ ಸಾಧನ, ಮತ್ತು ಪಕ್ಕದಲ್ಲಿ ನಿಂತು ತಿದ್ದುವ ಒಂದು ಜೊತೆ ಕಣ್ಣು.

ಲೆಕ್ಕ ನೋಡಿ. 32 ಮಿ.ಮೀ. ವ್ಯಾಸದ ಎಂಎಸ್ (ಮೈಲ್ಡ್ ಸ್ಟೀಲ್, ಮೆತ್ತನೆಯ ಉಕ್ಕು) ರಾಡ್ ಮೀಟರಿಗೆ ಸುಮಾರು 6.3 ಕೆ.ಜಿ. ತೂಗುತ್ತದೆ. 20 ಹುಡುಗರ ಒಂದು ಬ್ಯಾಚಿಗೆ ತಲೆಗೆ 150 ಮಿ.ಮೀ. ತುಂಡು ಎಂದರೂ ಒಂದು ಜಾಬ್‌ಗೆ (ಅಭ್ಯಾಸಕ್ಕೆ ಮಾಡುವ ಭಾಗ) 3 ಮೀಟರ್, ಹತ್ತಿರ ಹತ್ತಿರ 19 ಕೆ.ಜಿ. ಬೇಕು. ವಾರಕ್ಕೊಂದು ಜಾಬ್ ಆದರೆ ತಿಂಗಳಿಗೆ 75 ಕೆ.ಜಿ. ದಾಟುತ್ತದೆ. ಸಾಮಗ್ರಿ ಇಲ್ಲದಿದ್ದಾಗ ನಾಲ್ವರಿಗೆ ಒಂದು ತುಂಡು ಸಿಗುತ್ತದೆ. ಒಬ್ಬ ತಿರುಗಿಸುತ್ತಾನೆ, ಉಳಿದ ಮೂವರು ನೋಡುತ್ತಾರೆ. ನಿಮ್ಮ ಶಾಪಿನಲ್ಲಿ ಗುಜರಿಗೆ ಹೋಗುವ ಕಟ್ ಪೀಸ್‌ಗಳನ್ನು ಗ್ರೇಡ್ ಪ್ರಕಾರ ಬೇರ್ಪಡಿಸಿ, ಬಣ್ಣ ಹಚ್ಚಿ ತಿಂಗಳಿಗೊಮ್ಮೆ ಕಳಿಸಿ. ಗ್ರೇಡ್ ಬೆರೆತರೆ ಮೆತ್ತನೆಯ ಎಂಎಸ್ ಎಂದುಕೊಂಡು ಇಎನ್8 ಎಂಬ ಗಟ್ಟಿ ಉಕ್ಕಿನ ತುಂಡಿಗೆ ಟೂಲ್ ಹಚ್ಚಿ ತುದಿ ಹಾರಿಸಿಕೊಳ್ಳುತ್ತಾರೆ.

ಇನ್ನು ಅಳತೆಯ ಮಾತು. 20 ಮಿ.ಮೀ. ಶಾಫ್ಟಿಗೆ ಎಚ್7 (ಸಣ್ಣಕ್ಷರದ h7) ಟಾಲರೆನ್ಸ್, ಅಂದರೆ ಅಳತೆ ಇರಬಹುದಾದ ಮಿತಿ, 20.000ದಿಂದ 19.979ರವರೆಗೆ, ಒಟ್ಟು 0.021 ಮಿ.ಮೀ. ಮಾತ್ರ. ಸಾಮಾನ್ಯ ವರ್ನಿಯರಿನ ಲೀಸ್ಟ್ ಕೌಂಟೇ (ಅದು ತೋರಿಸಬಲ್ಲ ಅತಿ ಸಣ್ಣ ಅಳತೆ) 0.02. ವರ್ನಿಯರ್ ಒಂದನ್ನೇ ಹಿಡಿದು ಕಲಿತವನಿಗೆ ಜಾಬ್ ಪಾಸೋ ಫೇಲೋ ಹೇಳಲು ಸಾಧ್ಯವೇ ಇಲ್ಲ. ಅದು ಹುಡುಗನ ತಪ್ಪಲ್ಲ. 0–25 ಮಿ.ಮೀ.ನ ಐದು ಮೈಕ್ರೋಮೀಟರ್ ಕೊಡಿ. ಜೊತೆಗೆ ನಿಮ್ಮ ಕ್ವಾಲಿಟಿ ವಿಭಾಗದವರು ಅಳೆದಿಟ್ಟ, ನಂಬರ್ ಕೊರೆದ ಹತ್ತು ಪೀಸ್ ಕೊಡಿ. ನಿಜವಾದ ಅಳತೆಯ ಚೀಟಿ ಜೆಟಿಒ (ಐಟಿಐನ ಕಿರಿಯ ತರಬೇತಿ ಅಧಿಕಾರಿ) ಹತ್ತಿರ ಇರಲಿ. ಪ್ರತಿ ಹುಡುಗನೂ ಹತ್ತನ್ನೂ ಅಳೆದು ಬರೆದುಕೊಡಬೇಕು. 0.01ಕ್ಕಿಂತ ಹೆಚ್ಚು ತಪ್ಪಿದರೆ ಕಾರಣ ಹೆಚ್ಚಾಗಿ ಈ ಎರಡರಲ್ಲೊಂದು: ಝೀರೋ ನೋಡಿಕೊಳ್ಳದೆ ಶುರು ಮಾಡಿರುತ್ತಾನೆ, ಇಲ್ಲವೇ ರಾಚೆಟ್ (ಒತ್ತಡ ಹದದಲ್ಲಿಡುವ ತುದಿಯ ತಿರುಪು) ಬಿಟ್ಟು ತಿಂಬಲ್ (ಅಳತೆ ಗೀರುಗಳಿರುವ ತಿರುಗುವ ಕೊಳವೆ) ಹಿಡಿದು ಬಿಗಿದಿರುತ್ತಾನೆ. ತಾನೇ ಮಾಡಿದ ಜಾಬಿನಲ್ಲಿ ಮೂರನೆಯದೊಂದೂ ಇದೆ: ಲೇತಿನಿಂದ ಆಗಷ್ಟೇ ಇಳಿಸಿ ಬಿಸಿಯಿರುವಾಗಲೇ ಅಳೆಯುತ್ತಾನೆ. ಮೂರನೆಯದನ್ನು ಹಳಬರೂ ಕಡೆಗಣಿಸುತ್ತಾರೆ. 20 ಮಿ.ಮೀ. ಉಕ್ಕು 30 ಡಿಗ್ರಿ ಹೆಚ್ಚು ಬಿಸಿಯಿದ್ದರೆ 0.007 ಮಿ.ಮೀ. ಹಿಗ್ಗಿರುತ್ತದೆ, ಅಂದರೆ ನಿಮ್ಮ ಟಾಲರೆನ್ಸಿನ ಮೂರನೇ ಒಂದು ಪಾಲು ಅಲ್ಲೇ ಹೋಯಿತು.

ಇದನ್ನೆಲ್ಲ ಹೇಳಿಕೊಡಲು ವಾರಕ್ಕೆ ಅರ್ಧ ದಿನ ನಿಮ್ಮ ಮೇಸ್ತ್ರಿಯನ್ನು ಕಳಿಸಿ, ಆ ಹೊತ್ತಿನ ಸಂಬಳ ಕಡಿಯಬೇಡಿ. ತಿಂಗಳ ಕೊನೆಯ ವಾರ ಮಾತ್ರ ಬೇಡ: ಡಿಸ್ಪ್ಯಾಚ್ ಒತ್ತಡದಲ್ಲಿ ಎರಡು ಸಲ ತಪ್ಪಿಸಿದರೆ ಮೂರನೆಯ ಸಲ ಐಟಿಐನವರೂ ಕಾಯುವುದಿಲ್ಲ. ಒಬ್ಬರನ್ನೇ ನೆಚ್ಚಿಕೊಳ್ಳದೆ ಇಬ್ಬರನ್ನು ಸಿದ್ಧ ಮಾಡಿಡಿ.

ಲೇತ್ ಕೊಡುವುದೇ ಆದರೆ ಮೊದಲು ಪ್ರಾಚಾರ್ಯರಿಗೆ ಪತ್ರ ಬರೆದು, ಇಲಾಖೆಯ ಒಪ್ಪಿಗೆ ಬಂದ ಮೇಲೆ ಸಾಗಿಸಿ. ತ್ರೀ ಫೇಸ್ ಇದೆಯೇ, ಮಂಜೂರಾದ ಲೋಡ್ ಈ ಮೋಟರಿಗೆ ಸಾಲುತ್ತದೆಯೇ, ಫೌಂಡೇಶನ್ ಮತ್ತು ಲೆವೆಲಿಂಗ್ ಯಾರ ಖರ್ಚು ಎಂಬುದೂ ಆ ಪತ್ರದಲ್ಲೇ ಇರಲಿ. ಚಕ್ ಕೀ, ಚೇಂಜ್ ಗೇರ್, ಮ್ಯಾನುಯಲ್ ಜೊತೆಯಲ್ಲೇ ಹೋಗಲಿ. ಇಷ್ಟು ನೋಡದೆ ಕೊಟ್ಟ ಯಂತ್ರ ಟಾರ್ಪಾಲಿನ ಕೆಳಗೇ ತುಕ್ಕು ಹಿಡಿಯುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇವೆ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಟ್ಟು ಕೆಲಸಗಾರರ (ಗುತ್ತಿಗೆಯವರೂ ಸೇರಿ) 2.5ರಿಂದ 15 ಶೇಕಡಾದಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಿಮ್ಮ 40 ಜನಕ್ಕೆ ಅದು ಕನಿಷ್ಠ ಒಬ್ಬ, ಗರಿಷ್ಠ ಆರು. 2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂ. ಎಂದಿತ್ತು, ದರ ಪರಿಷ್ಕರಣೆಯಾಗುತ್ತಿರುತ್ತದೆ, ಒಪ್ಪಂದದ ದಿನ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್ ನೋಡಿಕೊಳ್ಳಿ. ಕೇಂದ್ರದ ಪ್ರೋತ್ಸಾಹ ಯೋಜನೆಯಲ್ಲಿ ಇದರ ಶೇ. 25, ಹೆಚ್ಚೆಂದರೆ 1,500 ರೂ., ಹುಡುಗನ ಖಾತೆಗೇ ನೇರವಾಗಿ ಬೀಳುತ್ತದೆ. ಆಧಾರ್ ಜೋಡಣೆಯಾಗದ ಖಾತೆ ಕೊಟ್ಟರೆ ಹಣ ಅಲ್ಲೇ ನಿಲ್ಲುತ್ತದೆ. ಗೋಳು ಬರುವುದು ನಿಮ್ಮ ಬಾಗಿಲಿಗೆ. ನಿಮ್ಮ ಪಾಲನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕೊಡಬೇಕು. ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಇಲ್ಲ; ಆದರೆ ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ನಿಮ್ಮದೇ ಹೊಣೆ. ಅನುಮತಿಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ.

ಪ್ರಶ್ನೆ: ಬಳ್ಳಾರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ ನಾನು. ಹತ್ತಿರದ ಕಂಪನಿಯವರು ಸಿಎಸ್‌ಆರ್‌ನಲ್ಲಿ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ) ಏನು ಬೇಕು ಕೇಳಿ ಎಂದಿದ್ದಾರೆ. ಸ್ಮಾರ್ಟ್ ಕ್ಲಾಸ್ ಕೇಳಲೇ?

ಉತ್ತರ: ಮೊದಲು ಶಾಲೆಯ ಕರೆಂಟ್ ನೋಡಿ. ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ ಸ್ಮಾರ್ಟ್ ಕ್ಲಾಸಿನ ಪರದೆ ಮೊದಲ ಮಳೆಗಾಲದ ಸಿಡಿಲಿಗೇ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಎರಡು–ಮೂರು ವರ್ಷಕ್ಕೆ ಸಾಯುತ್ತದೆ, ಅಷ್ಟರಲ್ಲಿ ಕೊಟ್ಟವರ ಅಧಿಕಾರಿಯೂ ಬದಲಾಗಿರುತ್ತಾರೆ, ಕಲಿತ ಶಿಕ್ಷಕರಿಗೂ ವರ್ಗವಾಗಿರುತ್ತದೆ. ಪಾಠ ಇಂಗ್ಲಿಷಿನಲ್ಲಿದ್ದರಂತೂ ಮೊದಲ ತಿಂಗಳಿಂದಲೇ ಮುಸುಕು.

ನಮ್ಮನ್ನು ಕೇಳಿದರೆ ಎಂಟು, ಒಂಬತ್ತನೇ ತರಗತಿಯ ಗಣಿತ ಮತ್ತು ವಿಜ್ಞಾನಕ್ಕೆ ಇಡೀ ವರ್ಷಕ್ಕೆ ಒಬ್ಬ ಬೋಧಕರ ಸಂಬಳ ಕೇಳಿ. ಹತ್ತನೇ ತರಗತಿಗೆ ಜನವರಿಯಲ್ಲಿ ಕೊಡುವ ಪಾಸಿಂಗ್ ಪ್ಯಾಕೇಜಿಗಿಂತ ಇದು ಹೆಚ್ಚು ಫಲ ಕೊಡುತ್ತದೆ. ಭಿನ್ನರಾಶಿ ಬಾರದ ಮಗುವಿಗೆ ಮಾದರಿ ಪ್ರಶ್ನೆಪತ್ರಿಕೆ ಎಷ್ಟು ಹಂಚಿದರೇನು?

ಪರದೆಯೇ ಬೇಕೆಂದರೆ ನಿರ್ವಹಣೆ ಸೇರಿಸಿಯೇ ಕೇಳಿ. ಸಿಎಸ್‌ಆರ್ ನಿಯಮದಲ್ಲಿ ಯೋಜನೆಯನ್ನು, ಶುರುವಾದ ಹಣಕಾಸು ವರ್ಷ ಬಿಟ್ಟು, ಇನ್ನೂ ಮೂರು ವರ್ಷ ನಡೆಸಲು ಅವಕಾಶವಿದೆ. ಬ್ಯಾಟರಿ ಬದಲಿಸುವುದನ್ನೂ ಆ ಅವಧಿಯಲ್ಲಿ ಬರೆಸಿಕೊಳ್ಳಿ. ನಗದು ಕೇಳಬೇಡಿ, ಕಂಪನಿ ತಾನೇ ಕೊಂಡು ಕೊಡಲಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ತಿಳಿಸಿ, ಬಂದ ದಿನವೇ ದಾಸ್ತಾನು ವಹಿಯಲ್ಲಿ ಬರೆಯಿರಿ. ಶಾಲೆಗಳಿಗೆ ನೆರವು ಕೋರುವ ಕೇಂದ್ರದ ವಿದ್ಯಾಂಜಲಿ ಪೋರ್ಟಲಿನಲ್ಲೂ ಶಾಲೆಯ ಯುಡೈಸ್ (ಪ್ರತಿ ಶಾಲೆಗಿರುವ ಗುರುತಿನ) ಸಂಖ್ಯೆಯಿಂದ ಬೇಡಿಕೆ ಹಾಕಬಹುದು. ಅರ್ಜಿ ಜೂನ್‌ನಲ್ಲೇ ಹೋಗಲಿ. ಫೆಬ್ರವರಿಯಲ್ಲಿ ಕೇಳಿದರೆ ವರ್ಷದ ಕೊನೆಯೊಳಗೆ ಖರ್ಚು ತೋರಿಸುವ ಅವಸರದಲ್ಲಿ ಸಿಗುವುದು ಬ್ಯಾಗು, ನೋಟ್‌ಬುಕ್ಕು, ಗೋಡೆಗೆ ಬಣ್ಣ.

ಪ್ರಶ್ನೆ: ಯಾದಗಿರಿ ಕಡೆಗೆ ಕಂಪನಿಗಳ ಶಿಕ್ಷಣ ನೆರವು ಬರುವುದೇ ಕಡಿಮೆ. ಕಾನೂನೇ ಹಾಗಿದೆಯೇ?

ಉತ್ತರ: ಅರ್ಧ ಹೌದು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಅನ್ವಯವಾಗುವುದು 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿಗಳಿಗೆ. ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಅವು ಖರ್ಚು ಮಾಡಬೇಕು. ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದೂ ಅದೇ ಕಲಂ ಹೇಳುತ್ತದೆ. ಹಾಗಾಗಿ ಕಾರ್ಖಾನೆ ಇದ್ದಲ್ಲಿಗೇ ಹಣ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು. ಅಲ್ಲಿಗೆ ಈ ದಾರಿಯಲ್ಲಿ ಹಣ ತಾನಾಗಿ ಹರಿಯುವುದಿಲ್ಲ. ಆದರೆ ಆದ್ಯತೆ ಎಂದರೆ ನಿರ್ಬಂಧವಲ್ಲ. ಯಾದಗಿರಿ ಮತ್ತು ರಾಯಚೂರು ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿವೆ. ಬೆಂಗಳೂರಿನ ಕಂಪನಿಗೆ ಬರೆಯುವಾಗ ಅದನ್ನು ಮೊದಲ ಸಾಲಿನಲ್ಲೇ ಹೇಳಿ. ನಿಮ್ಮ ಪರವಾಗಿ ಸಂಸ್ಥೆಯೊಂದು ಹಣ ಪಡೆಯುವುದಾದರೆ ಅದಕ್ಕೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಇರಲೇಬೇಕು. ಇಲ್ಲದಿದ್ದರೆ ಕಡತ ಮೇಜಿನಿಂದಲೇ ವಾಪಸ್.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಕಂಪನಿಯಲ್ಲಿ ದುಡಿಯುತ್ತಲೇ ಡಿಪ್ಲೊಮಾ ಎಂದು ಏಜೆಂಟರೊಬ್ಬರು ಕರೆಯುತ್ತಿದ್ದಾರೆ. ತುಮಕೂರಿನ ನಮ್ಮಂಥವರು ನಂಬಬಹುದೇ?

ಉತ್ತರ: ಏಜೆಂಟರು ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ, ಅಮ್ಮಾ. ಕೇಳದಿದ್ದರೂ ಮೂರು ಕಾಗದ ನೋಡಿ: ಅಪ್ರೆಂಟಿಸ್ ಎನ್ನುವುದಾದರೆ ಸರ್ಕಾರದ ಪೋರ್ಟಲಿನಲ್ಲಿ ನೋಂದಣಿಯಾದ ಒಪ್ಪಂದ, ಡಿಪ್ಲೊಮಾ ಕೊಡುವ ಮಂಡಳಿ ಅಥವಾ ವಿಶ್ವವಿದ್ಯಾಲಯದ ಹೆಸರು, ವಾರದಲ್ಲಿ ಎಷ್ಟು ಗಂಟೆ ಪಾಠ ಎಂಬ ವೇಳಾಪಟ್ಟಿ. ವೇಳಾಪಟ್ಟಿ ತೋರಿಸಲು ತಡವರಿಸಿದರೆ ಅದು ತರಬೇತಿ ಹೆಸರಿನ ಗುತ್ತಿಗೆ ಕೂಲಿ. ಅಸಲಿ ಪ್ರಮಾಣಪತ್ರಗಳನ್ನು ಯಾರ ಕೈಗೂ ಇಡಲು ಕೊಡಬೇಡಿ.

ಒಳ್ಳೆಯ ದಾರಿಗಳೂ ಇವೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಆ್ಯಂಡ್ ಡೈ ಮೇಕಿಂಗ್ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ಮೂರು ವರ್ಷ, ನಂತರ ಒಂದು ವರ್ಷ ಕಾರ್ಖಾನೆಯಲ್ಲಿ. ಬಿಡದಿಯಲ್ಲಿ ಟೊಯೊಟಾ 2007ರಿಂದ ನಡೆಸುತ್ತಿರುವ ತಾಂತ್ರಿಕ ತರಬೇತಿ ಸಂಸ್ಥೆ ರಾಜ್ಯದ ಬಡ ಗ್ರಾಮೀಣ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ವಸತಿ ಸಹಿತ ತರಬೇತಿ ಕೊಡುತ್ತದೆ; ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಇದೆ, ಗಣಿತ ಗಟ್ಟಿಯಿರಲಿ. ಇವೆರಡರಲ್ಲಿ ಸಿಗದಿದ್ದರೆ ಹತ್ತಿರದ ಸರ್ಕಾರಿ ಐಟಿಐ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿದ 150 ಐಟಿಐಗಳಲ್ಲಿ ಅದೂ ಒಂದೇ ಎಂದು ವಿಚಾರಿಸಿ. ಹೌದಾದರೂ ಒಂದು ಬೆಳಿಗ್ಗೆ ಮಗನನ್ನು ಕರೆದುಕೊಂಡು ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ: ಯಂತ್ರದ ಕೆಳಗಿನ ಟ್ರೇನಲ್ಲಿ ಹೊಸದಾಗಿ ಕಡೆದ ಲೋಹದ ಚೂರು ಬಿದ್ದಿದ್ದರೆ ಯಂತ್ರ ಓಡುತ್ತಿದೆ ಎಂದರ್ಥ, ಅರ್ಜಿ ಹಾಕಿ.